ನಡಾವಳಿ

ಹತ್ತೂವರೆಗೆ ಎಂದು ನೋಟೀಸು.
ಹನ್ನೊಂದೂಕಾಲಿಗೆ ಬಂದ ಉಪ ಆಯುಕ್ತರು
ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು
"ಮಕ್ಕಳೇ" ಅಂದರು.
ಮುಂದಿನ ಸಾಲಿನ ತೇಜಾಕ್ಷ,
ಮೂರು ವರ್ಷದಿಂದ ದಕ್ಕೆಯಲ್ಲಿ ಮಂಜುಗಡ್ಡೆ ಹೊರುವವ,
ಮಕ್ಕಳು ಯಾರು ಎಂದು ಹಿಂದೆ ತಿರುಗಿ ನೋಡಿದ.

ನಾನು ಬದಿಯ ಮೇಜಿನಲ್ಲಿ.
ಯಾರು ಏನಂದರು, ಸಭೆ ಏನು ನಿರ್ಣಯಿಸಿತು,
ಇಷ್ಟು ಬರೆಯುವುದು ನನ್ನ ಕೆಲಸ.
ಹದಿನೈದರಿಂದ ಇಪ್ಪತ್ತೊಂಬತ್ತರವರೆಗೆ ಯುವಜನ
ಎಂದು ಸುತ್ತೋಲೆ. ಟೈಪು ಮಾಡಿದವಳು ನಾನೇ.
ನನಗೆ ಇಪ್ಪತ್ತೆಂಟು.

ಪರದೆಯ ಮೇಲೆ ಬಾಣಗಳು, ಬಣ್ಣದ ವೃತ್ತಗಳು.
ಆರು ಯುವಕೇಂದ್ರಗಳು ಎರಡಾಗುತ್ತವಂತೆ,
ಅದಕ್ಕೆ ಬಲವರ್ಧನೆ ಎಂದು ಹೆಸರು.
ಬೆಂಗ್ರೆಯದು ಬಂದರಿನದರಲ್ಲಿ ವಿಲೀನ;
ನಕಾಶೆಯಲ್ಲಿ ಎರಡಕ್ಕೂ ಒಂದು ಬೆರಳಿನ ಅಂತರ.
ಬೆರಳಿನ ಅಡಿಯ ನೀಲಿ, ಹೊಳೆ.

ತೇಜಾಕ್ಷ ಎದ್ದು ತುಳುವಿನಲ್ಲಿ ಮಾತಾಡಿದ, ಸುಮಾರು ಹೊತ್ತು.
ನಸುಕಿನ ಮೂರಕ್ಕೆ ಕೆಲಸ, ಮಧ್ಯಾಹ್ನದ ಮೇಲೆ ನಿದ್ದೆ,
ಎದ್ದು ಮುಖ ತೊಳೆಯುವಾಗ ಗಂಟೆ ಏಳು,
ಮೈದಾನದ ದೀಪ ಏಳಕ್ಕೇ ಆರಿಸುತ್ತಾರೆ.
ಕತ್ತಲಲ್ಲಿ ವಾಲಿಬಾಲ್ ಆಡಿದರೆ
ಬೀಟಿನ ಪೊಲೀಸರು ಹೆಸರು ಬರೆದುಕೊಳ್ಳುತ್ತಾರೆ.
ಈ ವರ್ಷ ಸರಕಾರ ತನ್ನ ಹೆಸರು ಬರೆದದ್ದು ಎರಡು ಸಲ,
ಒಮ್ಮೆ ಅಲ್ಲಿ, ಒಮ್ಮೆ ಇವತ್ತು ಈ ಬಾಗಿಲಲ್ಲಿ.

ಸಾಹೇಬರು ಧಾರವಾಡದ ಕಡೆಯವರು.
ಪಕ್ಕದಲ್ಲಿದ್ದವರು ಕಿವಿಗೆ ಬಾಗಿ ಕನ್ನಡ ಮಾಡಿದರು:
"ದೀಪ ಕೇಳ್ತಿದ್ದಾನೆ ಸರ್."

ಅಷ್ಟರಲ್ಲಿ ಗೋಳಿಬಜೆ ಬಂತು.
ತಿಂದ ಮೇಲೆ ಅರ್ಧ ಸಭೆ ಕೈತೊಳೆಯಲು ಹೋಗಿ
ಹಾಗೆಯೇ ಹೋಯಿತು.
ಉಳಿದವರಲ್ಲಿ ಒಬ್ಬಳು, ಬೆಂಗ್ರೆಯ ಮುಫೀದಾ,
ಮೈಕು ತಲುಪುವ ಮೊದಲೇ ಸುರು ಮಾಡಿದಳು:

"ಸರ್, ನಿಮ್ಮ ಬಂದರಿನ ಕೇಂದ್ರ ಐದರಿಂದ ಎಂಟು.
ಕೊನೆಯ ದೋಣಿ ಏಳೂಮುಕ್ಕಾಲಿಗೆ.
ತಪ್ಪಿದರೆ ಕೂಳೂರಿಗಾಗಿ ಸುತ್ತಬೇಕು,
ರಿಕ್ಷಾದವ ಇನ್ನೂರೈವತ್ತು ಹೇಳ್ತಾನೆ,
ನನ್ನ ಉಮ್ಮ ಹೇಳುವುದು ಬೇರೆ."
ನಗು. ಅವಳು ನಗಲಿಲ್ಲ.
"ನಮ್ಮ ಕೇಂದ್ರ ಮುಚ್ಚುವ ಮೊದಲು
ಒಮ್ಮೆ ತೆರೆಯಿರಿ ಸರ್.
ಎರಡು ವರ್ಷದಿಂದ ಬೀಗ ಉಂಟು.
ಕಿಟಕಿಯಲ್ಲಿ ಇಣುಕಿದರೆ ಕೇರಂ ಬೋರ್ಡು ಕಾಣ್ತದೆ,
ಸುತ್ತಿದ ಪ್ಲಾಸ್ಟಿಕ್ ಸಹ ತೆಗೆದಿಲ್ಲ.
ಬೀಗದ ಕೈ ಯಾರ ಹತ್ತಿರ ಎಂದು
ಮೂರು ಅರ್ಜಿ ಕೊಟ್ಟೆ."

ಮೂರರ ಮೇಲೂ 'ಸ್ವೀಕರಿಸಿದೆ' ಮೊಹರು ಒತ್ತಿದ ಕೈ ನನ್ನದು.

ವೇದಿಕೆ ಪರಸ್ಪರ ಮುಖ ನೋಡಿತು.
ನಾನು ಬರೆದೆ: ಮೂಲಸೌಕರ್ಯಗಳ ಕುರಿತು ಸಲಹೆ ಬಂತು.
ಹೊಡೆದು ಹಾಕಿದೆ.
ಮತ್ತೆ ಅದನ್ನೇ ಬರೆದೆ.

ನನ್ನ ಮೇಜಿನ ಕೆಳಖಾನೆಯಲ್ಲಿ ಒಂದು ಗೊಂಚಲು ಉಂಟು,
ಹನ್ನೊಂದು ಕೀಲಿ, ಒಂದಕ್ಕೂ ಚೀಟಿ ಇಲ್ಲ.
ನನಗಿಂತ ಮುಂಚೆ ಇದ್ದವರು
ಕಾರವಾರಕ್ಕೆ ವರ್ಗವಾಗಿ ಹೊರಟ ಅವಸರದಲ್ಲಿ
"ಎಂತದೋ ಹಳೆಯದು, ಇರಲಿ" ಅಂದಿದ್ದರು.
ಎರಡು ವರ್ಷ ಅದರ ಮೇಲೆಯೇ
ಊಟದ ಡಬ್ಬಿ ಇಟ್ಟಿದ್ದೇನೆ.

ಅಭಿಪ್ರಾಯಗಳನ್ನು ಪರಿಗಣಿಸಲಾಗುವುದು.
ವಂದನಾರ್ಪಣೆ.

ಭಾನುವಾರ ದೋಣಿಯಲ್ಲಿ
ಸೈಕಲ್ಲುಗಳ ನಡುವೆ ನಿಂತು ಹೊಳೆ ದಾಟಿದೆ.
ಯಾರ ಅನುಮತಿಯೂ ಪಡೆದಿರಲಿಲ್ಲ,
ಚೀಲದಲ್ಲಿ ಗೊಂಚಲು ಹೆಜ್ಜೆಗೊಮ್ಮೆ ಸದ್ದು ಮಾಡುತ್ತಿತ್ತು.
ದಂಡೆಯಲ್ಲಿ ಮುಫೀದಾ, ಅವಳ ಹಿಂದೆ ಏಳೆಂಟು ಹುಡುಗಿಯರು,
ನನ್ನನ್ನು ನಂಬುವ ಮುಖ ಒಂದೂ ಇಲ್ಲ.

ಮೊದಲ ಆರು ಕೀಲಿ ಒಳಗೇ ಹೋಗಲಿಲ್ಲ.
ಏಳನೆಯದು ಹೋಯಿತು, ಅರ್ಧ ತಿರುಗಿ ನಿಂತಿತು.
ಉಪ್ಪುಗಾಳಿಗೆ ತುಕ್ಕು.
"ಬಲ ಹಾಕ್ಬೇಡಿ, ಮುರೀತದೆ" ಎಂದು
ಒಬ್ಬಳು ಎಣ್ಣೆ ತರಲು ಮನೆಗೆ ಓಡಿದಳು.
ಮೆಟ್ಟಿಲ ಮೇಲೆ ಕೂತೆವು.
ಎರಡು ಜಡೆಯ ಸಣ್ಣವಳು ಕೇಳಿದಳು:
"ನಿಮಗೆ ಬರ್ತದಾ ಕೇರಂ?"

ಕಾಲೇಜಿನಲ್ಲಿ ಆಡುತ್ತಿದ್ದೆ, ಅಂದೆ.
ಕೆಂಪು ಕಾಯಿ ನನಗೆ ಯಾವಾಗಲೂ ತಪ್ಪುತ್ತಿತ್ತು.
ಹೇಳುತ್ತಾ ಹೋದೆ, ಯಾಕೋ ನಿಲ್ಲಿಸಲಾಗಲಿಲ್ಲ.
ಅಷ್ಟರಲ್ಲಿ ಎಣ್ಣೆ ಬಂತು,
ಬಾಟಲಿಯ ಮುಚ್ಚಳದಲ್ಲಿ, ದಾರಿಯಲ್ಲಿ ಅರ್ಧ ಚೆಲ್ಲಿ.